ವಂಶಾವಳಿಯೂ ತಾಯಿಯ ಹೆಸರೂ

ತನ್ನ ಹಿರಿಯರು ಯಾರು, ಅವರು ಯಾವ ಊರಿನಲ್ಲಿದ್ದರು, ಯಾವ ಕಸುಬಿನಿಂದ ಹೊಟ್ಟೆ ಹೊರೆದರು ಎಂದು ತಿಳಿಯಬೇಕೆಂಬ ಆಶೆಯು ಮನುಷ್ಯರಿಗೆ ಸಹಜವಾದುದು. ಇಂಗ್ಲೆಂಡ್ ದೇಶದಲ್ಲಿ ಈ ಆಶೆಯು ಈಗ ಬಹು ಜನರ ಬಿಡುವಿನ ವೇಳೆಯ ಕೆಲಸವಾಗಿ ಪರಿಣಮಿಸಿದೆ. ಪಟ್ಟಣಗಳಲ್ಲಿ ಹುಟ್ಟಿ ಬೆಳೆದವರೂ, ಕೆನಡಾ ಆಸ್ಟ್ರೇಲಿಯಾ ಮುಂತಾದ ದೇಶಗಳಿಗೆ ಹೋಗಿ ನೆಲಸಿದವರ ಮೊಮ್ಮಕ್ಕಳೂ ತಮ್ಮ ಮುತ್ತಜ್ಜನು ಬಿಟ್ಟುಹೋದ ಹಳ್ಳಿಯನ್ನು ಅರಸಿಕೊಂಡು ಬಂದು, ದೇವಾಲಯದ ಅಂಗಳದಲ್ಲಿ ಹುಲ್ಲನ್ನು ಸರಿಸಿ ಸಮಾಧಿಕಲ್ಲುಗಳ ಮೇಲಣ ಅಕ್ಷರಗಳನ್ನು ಓದುವರು. ಜಿಲ್ಲೆಯ ದಾಖಲೆಗಳ ಮಂದಿರದಲ್ಲಿ ಕುಳಿತು ಮಾಸಿದ ಪುಸ್ತಕಗಳನ್ನು ದಿನಗಟ್ಟಲೆ ನೋಡುವರು. ನಮ್ಮ ಶಾಲೆಯ ಸ್ಮರಣ ಸಂಚಿಕೆಯಲ್ಲಿ ಇಂಗ್ಲಿಷ್ ಹಳ್ಳಿಯ ಮಾತೇಕೆ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಆ ಹಳ್ಳಿಗಳ ಪುಸ್ತಕಗಳಲ್ಲಿ ಹೆಣ್ಣುಮಕ್ಕಳ ಹೆಸರು ಎಲ್ಲಿ ಉಳಿಯಿತು, ಎಲ್ಲಿ ಅಳಿಯಿತು ಎಂಬುದನ್ನು ನೋಡಿದರೆ, ಹೆಣ್ಣುಮಕ್ಕಳಿಗೆ ಕಲಿಸುವ ನಮಗೂ ಅವರನ್ನು ಕಲಿಯಲು ಕಳುಹಿಸುವ ತಾಯ್ತಂದೆಗಳಿಗೂ ಯೋಚಿಸತಕ್ಕ ವಿಷಯವು ದೊರೆಯುವುದು. ತಂದೆಯ ಸಾಲನ್ನು ಮಾತ್ರ ಬರೆದು ತಾಯಂದಿರನ್ನು ಬಿಟ್ಟ ವಂಶಾವಳಿಯು ಸತ್ಯವಾದ ವಂಶಾವಳಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಇದನ್ನು ಆ ಹಳ್ಳಿಗಳ ಸಾಕ್ಷ್ಯದಿಂದಲೇ ತೋರಿಸಲು ಯತ್ನಿಸುವೆವು.

ಇಂಗ್ಲೆಂಡಿನಲ್ಲಿ ಒಂದು ದೇವಾಲಯಕ್ಕೂ ಅದರ ಸಭಾಪಾಲಕರಿಗೂ ಒಳಪಟ್ಟ ಪ್ರದೇಶಕ್ಕೆ ಪ್ಯಾರಿಷ್ ಎಂದು ಹೆಸರು. ಒಂದು ಹಳ್ಳಿಯಾಗಲಿ, ಒತ್ತಿನಲ್ಲಿರುವ ಕೆಲವು ಹಳ್ಳಿಗಳಾಗಲಿ ಸೇರಿ ಒಂದು ಪ್ಯಾರಿಷ್ ಆಗುವುದು. ದೊರೆ ಎಂಟನೆಯ ಹೆನ್ರಿಯ ಮಂತ್ರಿಯಾಗಿದ್ದ ಥಾಮಸ್ ಕ್ರಾಮ್‌ವೆಲ್ಲನು ೧೫೩೮ರಲ್ಲಿ ಒಂದು ಆಜ್ಞೆಯನ್ನು ಹೊರಡಿಸಿ, ಪ್ರತಿಯೊಂದು ಪ್ಯಾರಿಷ್ಷಿನಲ್ಲಿಯೂ ಒಂದು ಪುಸ್ತಕವನ್ನಿಟ್ಟು, ಅಲ್ಲಿ ನಡೆದ ದೀಕ್ಷಾಸ್ನಾನ, ವಿವಾಹ, ಶವಸಂಸ್ಕಾರಗಳನ್ನು ವಾರವಾರವೂ ಬರೆಯತಕ್ಕದ್ದೆಂದು ವಿಧಿಸಿದನು. ಪುಸ್ತಕವನ್ನು ಇಡಲು ಎರಡು ಬೀಗಗಳುಳ್ಳ ಪೆಟ್ಟಿಗೆಯಿರಬೇಕು. ಒಂದು ಬೀಗದಕೈ ಸಭಾಪಾಲಕರ ವಶದಲ್ಲಿ, ಇನ್ನೊಂದು ದೇವಾಲಯದ ವಾರ್ಡನ್ನರ ವಶದಲ್ಲಿ ಇರಬೇಕು. ಬರೆಯದೆ ಬಿಟ್ಟರೆ ೩ ಷಿಲಿಂಗ್ ೪ ಪೆನ್ಸ್ ದಂಡ. ಹೊಸ ತೆರಿಗೆಯನ್ನು ಹಾಕುವುದಕ್ಕೆ ಇದು ಪೀಠಿಕೆಯೆಂದು ಜನರು ಶಂಕಿಸಿದರು. ತೆರಿಗೆಯೇನೋ ಬರಲಿಲ್ಲ, ಅದಕ್ಕೆ ಬದಲಾಗಿ, ಉಳುವವನು, ಕುರಿ ಕಾಯುವವನು, ಕೂಲಿಯವಳು, ತೊಟ್ಟಿಲ ಕೂಸು, ಎಲ್ಲರ ಹೆಸರೂ ಅರಸುಮಕ್ಕಳ ಹೆಸರಿನಂತೆಯೇ ಬರವಣಿಗೆಯಲ್ಲಿ ನಿಲ್ಲುವ ಒಂದು ಏರ್ಪಾಡು ಸಿದ್ಧವಾಯಿತು. ಭೂಮಿ ಕಾಣಿಗಳಿಲ್ಲದ ಬಡವನ ವಂಶವನ್ನು ನಾನೂರು ವರ್ಷಗಳ ಹಿಂದಕ್ಕೆ ಹುಡುಕಿ ತೆಗೆಯಲು ಇಂದು ಸಾಧ್ಯವಾಗಿದ್ದರೆ ಅದಕ್ಕೆ ಈ ಪೆಟ್ಟಿಗೆಯೇ ಮುಖ್ಯ ಕಾರಣ.

ಆದರೆ ಈ ಪುಸ್ತಕಗಳನ್ನು ಓದುವುದು ಸುಲಭವಲ್ಲ. ಮೊದಲ ಪುಸ್ತಕಗಳು ಕಾಗದದವು. ಅವುಗಳನ್ನು ಚರ್ಮಪತ್ರದ ಮೇಲೆ ಪ್ರತಿಮಾಡಬೇಕೆಂದು ೧೫೯೮ರಲ್ಲಿ ಆಜ್ಞೆಯಾದಾಗ, ಎಲಿಜಬೆತ್ ರಾಣಿಯು ಪಟ್ಟಕ್ಕೆ ಬಂದ ೧೫೫೮ರಿಂದ ಈಚೆಗಿನದನ್ನು ವಿಶೇಷವಾಗಿ ಪ್ರತಿಮಾಡತಕ್ಕದ್ದೆಂದು ಹೇಳಿದ್ದರಿಂದ, ಅನೇಕ ಊರುಗಳಲ್ಲಿ ಅದಕ್ಕಿಂತ ಮುಂಚಿನ ಇಪ್ಪತ್ತು ವರ್ಷಗಳು ಇಲ್ಲವಾದುವು. ಹದಿನೇಳನೆಯ ಶತಮಾನದ ಅಂತರ್ಯುದ್ಧದ ಕಾಲದಲ್ಲಿ ಎಷ್ಟೋ ಕಡೆ ಬರೆಯುವುದೇ ನಿಂತಿತು. ೧೭೫೨ಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ವರ್ಷವು ಮಾರ್ಚಿ ೨೫ನೆಯ ತಾರೀಖಿನಂದು ಆರಂಭವಾಗುತ್ತಿದ್ದ ಕಾರಣ, ಪುಸ್ತಕದಲ್ಲಿ ೧೭೦೦ನೆಯ ಫೆಬ್ರವರಿ ಎಂದಿದ್ದರೆ ಅದು ನಮ್ಮ ಲೆಕ್ಕಕ್ಕೆ ೧೭೦೧. ಇದನ್ನು ತಿಳಿಯದವನಿಗೆ ಮದುವೆಯಾದ ವರುಷಕ್ಕೆ ಮೊದಲೇ ಮಗು ಹುಟ್ಟಿದಂತೆ ತೋರಿ, ಅನ್ಯಾಯವಾಗಿ ಒಬ್ಬ ತಾಯಿಯ ಮೇಲೆ ಅಪವಾದ ಬರಬಹುದು. ಆದಕಾರಣ ಹಳೆಯ ಬರಹವನ್ನು ಓದುವವರಿಗೆ ತಾಳ್ಮೆಯೂ ಸ್ವಲ್ಪ ವಿದ್ಯೆಯೂ ಬೇಕು.

ಈಗ ಹೆಣ್ಣುಮಕ್ಕಳ ವಿಷಯಕ್ಕೆ ಬರೋಣ. ಮೊದಲ ನೂರು ನೂರೈವತ್ತು ವರ್ಷಗಳ ಪುಸ್ತಕಗಳಲ್ಲಿ, ಮಗುವಿನ ದೀಕ್ಷಾಸ್ನಾನವನ್ನು ಬರೆಯುವಾಗ ಇಂಥವನ ಮಗ, ಇಂಥವನ ಮಗಳು ಎಂದಷ್ಟೇ ಬರೆದು ಬಿಡುವುದು ಅನೇಕ ಊರುಗಳ ವಾಡಿಕೆಯಾಗಿತ್ತು. ಹೆತ್ತವಳ ಹೆಸರೇ ಅಲ್ಲಿ ಇಲ್ಲ. ಅವಳು ಸತ್ತ ದಿವಸವೂ ಇಂಥವನ ಹೆಂಡತಿ ಎಂದು ಒಂದು ಸಾಲು. ಒಬ್ಬಳು ಹತ್ತು ಮಕ್ಕಳನ್ನು ಹೆತ್ತು, ನಾಲ್ವರನ್ನು ಮಣ್ಣಿಗೆ ಕೊಟ್ಟು, ಮನೆ ಹೊಲಗಳಲ್ಲಿ ದುಡಿದು ಮುದುಕಿಯಾಗಿ ತೀರಿಕೊಂಡರೂ, ಅವಳ ಹೆಸರು ಏನೆಂಬುದನ್ನು ಆ ಪುಸ್ತಕವು ಹೇಳದೆ ಹೋಗಬಹುದು. ಪುಸ್ತಕವನ್ನು ಬರೆದವರು ದುರುದ್ದೇಶದಿಂದ ಹಾಗೆ ಮಾಡಲಿಲ್ಲ. ಊರಿನವರಿಗೆಲ್ಲ ಅವಳ ಪರಿಚಯವಿದ್ದುದರಿಂದ ಬರೆಯುವ ಅಗತ್ಯ ಅವರಿಗೆ ತೋರಲಿಲ್ಲ. ಆದರೆ ಪರಿಚಯವಿದ್ದ ತಲೆಮಾರು ಕಳೆದೊಡನೆ ಅವಳು ಪೂರಾ ಮರೆಯಾದಳು.

೧೭೫೩ರಲ್ಲಿ ಹಾರ್ಡ್‌ವಿಕ್ ಪ್ರಭುವಿನ ವಿವಾಹ ಕಾನೂನು ಪಾಸಾಗಿ ಮರುವರುಷ ಆಚರಣೆಗೆ ಬಂದಿತು. ಅಂದಿನಿಂದ ವಿವಾಹದ ಪುಸ್ತಕದಲ್ಲಿ ವಧೂವರರೂ ಸಾಕ್ಷಿಗಳೂ ಸ್ವಹಸ್ತದಿಂದ ರುಜು ಹಾಕಬೇಕಾಯಿತು. ಹ್ಯಾಂಪ್‌ಷೈರಿನ ಸ್ಟೀವನ್‌ಟನ್ ಎಂಬ ಹಳ್ಳಿಯ ಪುಸ್ತಕದಲ್ಲಿ, ಹೇಗೆ ಬರೆಯಬೇಕೆಂದು ತೋರಿಸುವ ಮಾದರಿಯ ಪುಟದಲ್ಲಿ, ಸಭಾಪಾಲಕರ ಮಗಳೊಬ್ಬಳು ಹುಡುಗಾಟಿಕೆಯಿಂದ ತನ್ನ ಹೆಸರನ್ನು ಕಲ್ಪಿತ ವರರ ಹೆಸರುಗಳೊಂದಿಗೆ ಬರೆದಿಟ್ಟಿದ್ದಾಳೆ. ಆ ಹುಡುಗಿಯೇ ಮುಂದೆ ಪ್ರಸಿದ್ಧ ಕಾದಂಬರಿಕರ್ತ್ರಿಯಾದ ಜೇನ್ ಆಸ್ಟಿನ್ ಎಂದು ಹೇಳಿದರೆ ನಮ್ಮ ಹಳೆಯ ವಿದ್ಯಾರ್ಥಿನಿಯರು ನಗದಿರಲಾರರು. ಆದರೆ ಲೇಖನಿಯನ್ನು ಹಿಡಿದು ಹೀಗೆ ಆಟವಾಡುವ ಭಾಗ್ಯವು ಆ ಕಾಲದ ಹಳ್ಳಿಯ ಹುಡುಗಿಯರಲ್ಲಿ ಬಹು ಸ್ವಲ್ಪ ಮಂದಿಗೆ ಮಾತ್ರ ಇತ್ತು. ಹದಿನೆಂಟನೆಯ ಶತಮಾನದ ನಡುವೆ ಇಂಗ್ಲೆಂಡಿನ ವಧುಗಳಲ್ಲಿ ನೂರಕ್ಕೆ ಅರುವತ್ತಕ್ಕೂ ಹೆಚ್ಚು ಮಂದಿ ರುಜು ಹಾಕಲಾರದೆ ಒಂದು ಗೀಟನ್ನೋ ಶಿಲುಬೆಯ ಗುರುತನ್ನೋ ಹಾಕಿದರು. ಸುಮಾರು ೧೮೪೦ರಲ್ಲಿಯೂ ಹೆಚ್ಚುಕಡಮೆ ಅರ್ಧದಷ್ಟು ವಧುಗಳ ಸ್ಥಿತಿ ಇದೇ ಆಗಿತ್ತು. ೧೮೭೦ರ ವಿದ್ಯಾಭ್ಯಾಸದ ಕಾನೂನು ಬಂದು, ೧೮೮೦ರಲ್ಲಿ ಮಕ್ಕಳು ಶಾಲೆಗೆ ಹೋಗುವುದು ಕಡ್ಡಾಯವಾದ ಮೇಲೆ, ಆ ಶತಮಾನದ ಕೊನೆಯ ಹೊತ್ತಿಗೆ ಗೀಟು ಹಾಕುವವರು ಅಪರೂಪವಾದರು. ಹಳ್ಳಿಯ ಶಾಲೆಯು ಏನು ಮಾಡಿತೆಂದು ತಿಳಿಯಬೇಕಾದರೆ ಒಂದು ಮನೆತನದ ಅಜ್ಜಿ, ಮಗಳು, ಮೊಮ್ಮಗಳು ಈ ಮೂವರ ಮದುವೆಯ ಪುಟಗಳನ್ನು ಒತ್ತಾಗಿಟ್ಟು ನೋಡಿದರೆ ಸಾಕು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳುವುದು ಉಪಾಧ್ಯಾಯಿನಿಯರಾದ ನಮಗೆ ಉಚಿತವಾಗಿದೆ. ಗೀಟು ಹಾಕಿದವಳು ಓದುಬಾರದವಳೇ ಎಂದು ತಿಳಿಯತಕ್ಕದ್ದಲ್ಲ. ಆ ಕಾಲದಲ್ಲಿ ಓದುವುದನ್ನು ಮೊದಲು ಕಲಿಸಿ, ಬರೆಯುವುದನ್ನು ಬೇರೆಯಾಗಿ ಆಮೇಲೆ ಕಲಿಸುತ್ತಿದ್ದರು. ಹ್ಯಾನಾ ಮೋರ್ ಎಂಬ ಪ್ರಸಿದ್ಧ ಮಹಿಳೆಯು ೧೭೮೯ರಲ್ಲಿ ಸಾಮರ್ಸೆಟ್ಟಿನ ಚೆಡರ್ ಎಂಬ ಹಳ್ಳಿಯಲ್ಲಿ ಬಡಮಕ್ಕಳಿಗಾಗಿ ಶಾಲೆಯನ್ನು ತೆರೆದು ಬಹಳ ಶ್ರಮಪಟ್ಟಳು. ಆದರೆ ಬಡವರಿಗೆ ಓದು ಸಾಕು, ಬರವಣಿಗೆ ಬೇಡವೆಂಬುದು ಆಕೆಯ ಮತವಾಗಿತ್ತು. ಆ ಹುಡುಗಿಯರು ವೇದಪುಸ್ತಕವನ್ನು ಓದುವಷ್ಟು ಕಲಿತು, ತಮ್ಮ ಹೆಸರನ್ನು ತಾವೇ ಬರೆಯಲಾರದವರಾಗಿ ಉಳಿದರು. ಇತರರು ಬರೆದುದನ್ನು ಓದಬಲ್ಲವಳಿಗೂ ತನ್ನ ವಿಷಯವನ್ನು ತಾನೇ ಬರೆಯಬಲ್ಲವಳಿಗೂ ಎಷ್ಟು ಅಂತರವಿದೆಯೆಂದು ಈ ಗೀಟುಗಳು ನಮಗೆ ತೋರಿಸುವುವು.

ಕಾನೂನುಗಳು ಬದಲಾದಂತೆ ಹೆಣ್ಣಿನ ಹೆಸರು ಸ್ವಲ್ಪ ಸ್ವಲ್ಪವಾಗಿ ಪುಸ್ತಕದೊಳಕ್ಕೆ ಬಂದಿತು. ೧೮೧೨ರ ಕಾನೂನಿನ ಮೇರೆಗೆ ಮರುವರುಷದಿಂದ ಅಚ್ಚುಹಾಕಿದ ನಮೂನೆಯ ಪುಸ್ತಕಗಳು ಬಂದುವು. ಅವುಗಳಲ್ಲಿ ತಂದೆ ತಾಯಿ ಇಬ್ಬರ ಹೆಸರಿಗೂ ಸ್ಥಳವಿತ್ತು, ಆದರೆ ತಾಯಿಯ ತವರಿನ ಮನೆತನದ ಹೆಸರನ್ನು ಕೇಳಲಿಲ್ಲ. ೧೮೩೭ರಲ್ಲಿ ಸರ್ಕಾರವೇ ಜನನ ಮರಣ ವಿವಾಹಗಳನ್ನು ದಾಖಲೆಮಾಡಲು ತೊಡಗಿದಾಗ, ಜನನದ ಪತ್ರದಲ್ಲಿ ತಾಯಿಯ ತವರಿನ ಹೆಸರು ಸೇರಿತು. ವಿವಾಹದ ಪುಸ್ತಕದಲ್ಲಿಯಾದರೋ ವಧೂವರರ ತಂದೆಗಳ ಹೆಸರನ್ನೂ ಕಸುಬನ್ನೂ ಮಾತ್ರ ಕೇಳಿದರು. ತಾಯಂದಿರಿಗೆ ಅಲ್ಲಿ ಸ್ಥಳವಿರಲಿಲ್ಲ. ಇಂಗ್ಲೆಂಡ್ ವೇಲ್ಸ್‌ಗಳಲ್ಲಿ ಈ ಲೋಪವು ಸರಿಹೋದದ್ದು ಯಾವಾಗ? ೨೦೨೧ನೆಯ ಮೇ ೪ನೆಯ ತಾರೀಖಿನಂದು. ನೂರೆಂಭತ್ತಕ್ಕೂ ಹೆಚ್ಚು ವರ್ಷಗಳ ಕಾಲ, ಮಗಳ ಮದುವೆಯ ದಿನ ಅಳುತ್ತ ನಗುತ್ತ ಪಕ್ಕದಲ್ಲಿ ನಿಂತಿದ್ದ ತಾಯಿಯು ದಾಖಲೆಯ ಮಟ್ಟಿಗೆ ಅಲ್ಲಿ ಇರಲೇ ಇಲ್ಲ. ಮುಂದುವರಿದ ದೇಶವೆಂದು ಹೆಸರಾದ ನಾಡಿನ ಸಂಗತಿಯೇ ಹೀಗಿರುವಾಗ, ಇಂಥ ಲೋಪಗಳು ತಾವಾಗಿ ಸರಿಹೋಗುವುವೆಂದು ಯಾರೂ ನಂಬಿ ಕುಳಿತಿರಬಾರದು.

ತಾಯಂದಿರನ್ನು ಬಿಡುವುದರಿಂದ ನಷ್ಟವೆಷ್ಟೆಂದು ಲೆಕ್ಕದಿಂದಲೇ ತೋರಿಸಬಹುದು. ಒಬ್ಬ ಮನುಷ್ಯನಿಗೆ ತಂದೆತಾಯಿಗಳು ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು, ಅವರ ಹಿಂದಿನವರು ಎಂಟು ಮಂದಿ. ಹೀಗೆ ಇಮ್ಮಡಿಸುತ್ತ ಹೋದರೆ ಹತ್ತನೆಯ ತಲೆಮಾರಿಗೆ ೧,೦೨೪ ಮಂದಿ ಪೂರ್ವಿಕರಾಗುವರು. ಹತ್ತಿರದ ಸಂಬಂಧಗಳಲ್ಲಿ ಮದುವೆಗಳು ನಡೆದಿದ್ದರೆ ಕೆಲವರು ಎರಡೆರಡು ಸಲ ಎಣಿಕೆಗೆ ಬರುವರು. ಆದರೂ ಲೆಕ್ಕದ ಸಾರವು ತಪ್ಪದು. ಮನೆತನದ ಹೆಸರನ್ನು ಹಿಡಿದು, ತಂದೆ, ತಂದೆಯ ತಂದೆ ಎಂದು ಹುಡುಕುವವನು ಹತ್ತನೆಯ ತಲೆಮಾರಿನಲ್ಲಿ ಅವರಲ್ಲಿ ಒಬ್ಬನನ್ನು ಮಾತ್ರ ಕಾಣುವನು. ಸಾವಿರದ ಇಪ್ಪತ್ತಮೂರು ಮಂದಿಯನ್ನು ಬಿಟ್ಟು, ಒಬ್ಬನನ್ನು ತೋರಿಸಿ, ಇದೇ ನಮ್ಮ ವಂಶವೆಂದು ಹೇಳಿಕೊಳ್ಳುವುದು ಎಷ್ಟರಮಟ್ಟಿಗೆ ನ್ಯಾಯ?

ನಮ್ಮ ಕನ್ನಡದಲ್ಲಿ ತವರು ಎಂಬ ಸೊಗಸಾದ ಮಾತೊಂದುಂಟು. ಇಂಗ್ಲಿಷಿನಲ್ಲಿ ಅದಕ್ಕೆ ಸರಿಯಾದ ಒಂದೇ ಪದವಿಲ್ಲ. ಆದರೆ ಇಂಗ್ಲಿಷ್ ಹಳ್ಳಿಯಲ್ಲಿ ಪೂರ್ವಿಕರನ್ನು ಹುಡುಕುವವನು ಪ್ರತಿಯೊಬ್ಬ ಅಜ್ಜಿಯ ತವರಿಗೂ ಹೋಗಲೇಬೇಕು. ಏಕೆಂದರೆ ಅಲ್ಲಿ ವಧುವಿನ ಪ್ಯಾರಿಷ್ಷಿನಲ್ಲಿ ಮದುವೆಯನ್ನು ನಡೆಸುವುದು ಸಾಮಾನ್ಯ ಪದ್ಧತಿ. ವರನ ಊರಿನ ಪುಸ್ತಕದಲ್ಲಿ ಮದುವೆಯು ಸಿಕ್ಕದಿದ್ದರೆ ಎಂಟು ಹತ್ತು ಮೈಲಿ ಸುತ್ತಣ ಊರುಗಳ ಪುಸ್ತಕಗಳನ್ನು ನೋಡಬೇಕಾಗುವುದು. ಇದರ ಮೇಲೆ, ಹಳ್ಳಿಯ ಹುಡುಗಿಯರು ಚಿಕ್ಕ ವಯಸ್ಸಿನಲ್ಲಿಯೇ ಬೇರೆ ಊರುಗಳ ರೈತರ ಮನೆಗಳಿಗೆ ವರ್ಷಕ್ಕಿಷ್ಟು ಸಂಬಳವೆಂದು ಸೇವೆಗೆ ಹೋಗುತ್ತಿದ್ದರು. ಹಿಂದಿನ ಕಾಲದ ಹಳ್ಳಿಯವರು ಹುಟ್ಟಿದ ಊರನ್ನು ಬಿಟ್ಟು ಕದಲುತ್ತಿರಲಿಲ್ಲವೆಂದು ನಾವು ಊಹಿಸುವೆವಷ್ಟೆ. ನಾಟಿಂಗ್‌ಹ್ಯಾಮ್‌ಷೈರಿನ ಕ್ಲೇವರ್ತ್ ಎಂಬ ಹಳ್ಳಿಯ ಸಭಾಪಾಲಕನಾಗಿದ್ದ ವಿಲಿಯಂ ಸ್ಯಾಂಪ್ಸನ್ ೧೬೭೬ರಲ್ಲಿಯೂ ೧೬೮೮ರಲ್ಲಿಯೂ ಊರಿನವರೆಲ್ಲರ ಪಟ್ಟಿಯನ್ನು ಮಾಡಿಟ್ಟಿದ್ದನು. ಪೀಟರ್ ಲ್ಯಾಸ್ಲೆಟ್ ಮುಂತಾದ ಚರಿತ್ರಕಾರರು ಇಪ್ಪತ್ತನೆಯ ಶತಮಾನದಲ್ಲಿ ಇವೆರಡನ್ನೂ ಹೋಲಿಸಿ ನೋಡಿದಾಗ, ಸುಮಾರು ನಾನೂರು ಜನರುಳ್ಳ ಆ ಊರಿನಲ್ಲಿ ಹನ್ನೆರಡು ವರ್ಷಗಳೊಳಗೆ ಐದರಲ್ಲಿ ಮೂರು ಪಾಲಿನಷ್ಟು ಜನರು ಬದಲಾಗಿದ್ದುದು ಕಂಡುಬಂದಿತು. ಸತ್ತವರು ಕೆಲವರು, ಊರನ್ನು ಬಿಟ್ಟುಹೋದವರು ಹಲವರು. ಆದಕಾರಣ ಒಂದು ಮನೆತನದ ಕಥೆಯು ಒಂದು ಹಳ್ಳಿಯಲ್ಲಿ ಮುಗಿಯುವುದಿಲ್ಲ. ಹೆಣ್ಣುಮಕ್ಕಳ ಹೆಜ್ಜೆಗಳನ್ನು ಹಿಡಿದು ಊರಿಂದೂರಿಗೆ ನಡೆಯಬೇಕು.

ಪ್ಯಾರಿಷ್ಷಿನ ಪೆಟ್ಟಿಗೆಯಲ್ಲಿ ಇನ್ನೊಂದು ಬಗೆಯ ಕಾಗದಗಳೂ ಇದ್ದುವು. ಬಡವರ ಪೋಷಣೆಯು ಆಯಾ ಪ್ಯಾರಿಷ್ಷಿನ ಹೊಣೆಯಾಗಿದ್ದುದರಿಂದ, ಯಾವ ಬಡವನು ಯಾವ ಊರಿಗೆ ಸೇರಿದವನೆಂಬ ಪ್ರಶ್ನೆಯು ಮೇಲಿಂದ ಮೇಲೆ ಏಳುತ್ತಿತ್ತು. ೧೬೬೨ರ ಕಾನೂನಿನ ಮೇರೆಗೆ, ಹೊರಗಿನಿಂದ ಬಂದು ಊರಿಗೆ ಭಾರವಾಗಬಹುದೆಂದು ತೋರಿದವರನ್ನು ಅವರ ಸ್ವಂತ ಪ್ಯಾರಿಷ್ಷಿಗೆ ಹಿಂದಕ್ಕೆ ಕಳುಹಿಸಬಹುದಾಗಿತ್ತು. ಹಾಗೆ ಕಳುಹಿಸುವ ಮೊದಲು ನ್ಯಾಯಾಧಿಕಾರಿಗಳು ಅವರನ್ನು ವಿಚಾರಿಸಿ, ಎಲ್ಲಿ ಹುಟ್ಟಿದೆ, ಯಾರ ಮನೆಯಲ್ಲಿ ಸೇವೆಯಲ್ಲಿದ್ದೆ, ಯಾರನ್ನು ಮದುವೆಯಾದೆ ಎಂದು ಕೇಳಿ ಹೇಳಿಕೆಯನ್ನು ಬರೆಯಿಸುತ್ತಿದ್ದರು. ಮದುವೆಯಿಲ್ಲದೆ ಗರ್ಭಿಣಿಯಾದವಳನ್ನು, ಅವಳ ಮಗುವು ಹುಟ್ಟಿದ ಊರಿನ ಮೇಲೆ ಹೊರೆಯಾಗುವುದೆಂಬ ಭಯದಿಂದ, ದಿನ ತುಂಬುವ ಮೊದಲೇ ಎಲ್ಲೆಯಾಚೆಗೆ ದಾಟಿಸಿದ್ದೂ ಉಂಟು. ಈ ಕ್ರೌರ್ಯದ ಕಾಗದಗಳಲ್ಲಿಯೇ, ವಿಚಿತ್ರವಾಗಿ, ಬಡ ಹೆಂಗಸಿನ ಜೀವನವು ಅವಳ ಹೇಳಿಕೆಯಂತೆಯೇ ಉಳಿದುಬಂದಿದೆ. ಸಂಸಾರವಂತಳಾಗಿ ಸುಖವಾಗಿದ್ದವಳ ಹೆಸರು ಗಂಡನ ಹೆಸರಿನ ಹಿಂದೆ ಮರೆಯಾಯಿತು. ಕಷ್ಟಕ್ಕೆ ಸಿಕ್ಕಿ ಅಧಿಕಾರಿಯ ಎದುರು ನಿಂತವಳ ಮಾತು ಮಾತ್ರ ಉಳಿಯಿತು. ಹೆಣ್ಣು ಸಂಕಟಕ್ಕೆ ಬಿದ್ದಾಗ ಮಾತ್ರ ಅವಳ ಕಥೆಯನ್ನು ಕೇಳುವ ಸಮಾಜವು ಒಳ್ಳೆಯ ಸಮಾಜವಲ್ಲ.

ಹಾಗಾದರೆ ಹಳ್ಳಿಯ ಕಥೆಯನ್ನು ಸರಿಯಾಗಿ ಬರೆದವರು ಯಾರೂ ಇಲ್ಲವೆ ಎಂದರೆ, ಉಂಟು. ಶ್ರಾಪ್‌ಷೈರಿನಲ್ಲಿ ಷ್ರೂಸ್‌ಬರಿ ಪಟ್ಟಣದ ಉತ್ತರಕ್ಕೆ ಮಿಡ್ಲ್ ಎಂಬ ಒಂದು ಪ್ಯಾರಿಷ್ ಇದೆ. ಅಲ್ಲಿನ ಹಳೆಯ ಕೋಟೆಯಲ್ಲಿ ಈಗ ಉಳಿದಿರುವುದು ಒಂದು ತುಂಡು ಗೋಪುರ ಮಾತ್ರ. ಆ ಊರನ್ನು ಚರಿತ್ರಕಾರರಲ್ಲಿ ಪ್ರಸಿದ್ಧಿಗೆ ತಂದವನು ರಿಚರ್ಡ್ ಗಾಫ್ ಎಂಬ ರೈತ ಮನೆತನದ ಗೃಹಸ್ಥನು. ಅವನು ೧೬೩೫ರಲ್ಲಿ ಹುಟ್ಟಿ ೧೭೨೩ರಲ್ಲಿ ತೀರಿಕೊಂಡನು. ಅರುವತ್ತು ದಾಟಿದ ಮೇಲೆ, ೧೭೦೦ನೆಯ ವರ್ಷದ ಸುಮಾರಿನಲ್ಲಿ, ಅವನು ತನ್ನ ಊರಿನ ಕಥೆಯನ್ನು ಬರೆಯಲು ಕುಳಿತನು. ಬರೆದ ಕ್ರಮವು ಬಹು ಚಮತ್ಕಾರವಾದುದು. ದೇವಾಲಯದಲ್ಲಿ ಯಾವ ಬೆಂಚು ಯಾವ ಮನೆಗೆ ಸೇರಿದ್ದೆಂದು ನಕ್ಷೆಯನ್ನು ಬರೆದು, ಮುಂದಿನ ದೊಡ್ಡ ಮನೆಗಳವರ ಬೆಂಚುಗಳಿಂದ ಹಿಡಿದು ಗುಡಿಸಲುಗಳಲ್ಲಿ ವಾಸವಾಗಿದ್ದ ಬಡವರ ಬೆಂಚಿನವರೆಗೆ, ಒಂದೊಂದರಲ್ಲಿ ಕುಳಿತಿದ್ದ ಸಂಸಾರಗಳ ಚರಿತ್ರೆಯನ್ನು ಹೇಳುತ್ತ ಹೋದನು. ಒಳ್ಳೆಯವರನ್ನು ಹೊಗಳಿದನು; ಕುಡಿದು ಆಸ್ತಿಯನ್ನು ಕಳೆದವರನ್ನು ಮರೆಮಾಚಲಿಲ್ಲ. ದೊರೆಗೂ ಪಾರ್ಲಿಮೆಂಟಿಗೂ ನಡೆದ ಯುದ್ಧಕ್ಕೆ ಮಿಡ್ಲ್, ಮಾರ್ಟನ್, ನ್ಯೂಟನ್ ಎಂಬ ಮೂರು ಊರುಗಳಿಂದ ೨೦ ಮಂದಿ ಹೋದರೆಂದೂ ಅವರಲ್ಲಿ ೧೩ ಮಂದಿ ಮಡಿದರೆಂದೂ ಎಣಿಸಿ ಹೇಳಿದನು. ಬಡವರ ಪೋಷಣೆಯ ಬಗ್ಗೆ ತನ್ನ ಪ್ಯಾರಿಷ್ಷಿಗೂ ನೆರೆಯ ಪ್ಯಾರಿಷ್ಷುಗಳಿಗೂ ನಡೆದ ವ್ಯಾಜ್ಯಗಳನ್ನೂ ಕೊನೆಯಲ್ಲಿ ಸೇರಿಸಿದನು.

ನಮ್ಮ ಪ್ರಕೃತ ವಿಷಯಕ್ಕೆ ಮುಖ್ಯವಾದದ್ದು ಇದು: ಗಾಫನು ಗಂಡುಮಕ್ಕಳೊಂದಿಗೆ ಹೆಣ್ಣುಮಕ್ಕಳ ಸುದ್ದಿಯನ್ನೂ ಹೇಳುವನು. ಈ ಮನೆಯ ಮಗಳು ಯಾವ ಊರಿಗೆ, ಯಾರಿಗೆ ಮದುವೆಯಾಗಿ ಹೋದಳು, ಆ ಮನೆಗೆ ಸೊಸೆಯಾಗಿ ಬಂದವಳು ಯಾರ ಮಗಳು, ಅವಳ ಗುಣವೇನು, ಅವಳಿಂದ ಮನೆಯು ಉದ್ಧಾರವಾಯಿತೋ ಕೆಟ್ಟಿತೋ ಎಂದು ಅವನು ಬರೆದಿಡುವನು. ಹಾಗೆ ಬರೆದುದರಿಂದಲೇ ಅವನ ಊರು ಜೀವಂತವಾಗಿ ಕಾಣುವುದು. ಅವನು ತೀರಿಕೊಂಡು ನೂರು ವರ್ಷಗಳಾದ ಮೇಲೆ, ೧೮೩೪ರಲ್ಲಿ, ಆ ಬರಹವು ಮೊದಲು ಅಚ್ಚಿಗೆ ಬಂದಿತು. ಡೇವಿಡ್ ಹೇ ಎಂಬ ಚರಿತ್ರಕಾರನು ಅದನ್ನು ಪ್ಯಾರಿಷ್ಷಿನ ಪುಸ್ತಕಗಳೊಡನೆಯೂ ಮರಣಶಾಸನಗಳೊಡನೆಯೂ ತಾಳೆನೋಡಿ ೧೯೭೪ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ದೊಡ್ಡ ವಿದ್ವಾಂಸರಲ್ಲದವರೂ ನೆನಪನ್ನು ನಂಬಿಕೆಯಿಂದ ಬರೆದಿಟ್ಟರೆ ಅದು ಎಷ್ಟು ಬೆಲೆಬಾಳುವುದೆಂಬುದಕ್ಕೆ ಇದೇ ನಿದರ್ಶನ.

ಹೆಸರುಗಳ ಸಂಗಡ ನೆಲವನ್ನೂ ಓದಬೇಕು. ೧೮೩೬ರ ಕಾನೂನಿನ ಮೇರೆಗೆ, ದೇವಾಲಯಕ್ಕೆ ಸಲ್ಲುತ್ತಿದ್ದ ಬೆಳೆಯ ದಶಾಂಶವನ್ನು ಹಣದ ರೂಪಕ್ಕೆ ಮಾರ್ಪಡಿಸುವುದಕ್ಕಾಗಿ, ಇಂಗ್ಲೆಂಡ್ ವೇಲ್ಸ್‌ಗಳ ಸುಮಾರು ಮುಕ್ಕಾಲು ಭಾಗದ ಹಳ್ಳಿಗಳಿಗೆ ದೊಡ್ಡ ನಕ್ಷೆಗಳನ್ನು ಬರೆದರು. ಪ್ರತಿಯೊಂದು ಹೊಲಕ್ಕೂ ಒಂದು ಸಂಖ್ಯೆ. ಅದರ ಒಡೆಯರು ಯಾರು, ಉಳುವವರು ಯಾರು, ಎಷ್ಟೋ ಕಡೆ ಹೊಲದ ಹೆಸರೇನು ಎಂದು ಪಟ್ಟಿಯಲ್ಲಿದೆ. ಜನಗಣತಿಯು ೧೮೦೧ರಲ್ಲಿ ಆರಂಭವಾಗಿ, ೧೮೪೧ರಿಂದ ದೇಶದ ಎಲ್ಲರ ಹೆಸರುಗಳೂ, ೧೮೫೧ರಿಂದ ಮನೆಯ ಯಜಮಾನನೊಡನೆ ಅವರಿಗಿರುವ ಸಂಬಂಧವೂ ಹುಟ್ಟಿದ ಊರೂ ಅದರಲ್ಲಿ ದೊರೆಯುವುವು. ನೂರು ವರ್ಷಗಳ ನಂತರ ಅವುಗಳನ್ನು ಸಾರ್ವಜನಿಕರಿಗೆ ತೋರಿಸುವರು. ೧೯೨೧ರ ಪಟ್ಟಿಗಳು ೨೦೨೨ರಲ್ಲಿ ಹೊರಬಂದುವು. ಈ ಪಟ್ಟಿಗಳಲ್ಲಿಯೂ ಒಂದು ವಿಷಯವನ್ನು ಗಮನಿಸಬೇಕು. ಗಂಡನ ಎದುರಿಗೆ ಬೇಸಾಯಗಾರ, ಕಮ್ಮಾರ ಎಂದು ಕಸುಬನ್ನು ಬರೆದು, ಹಾಲು ಕರೆದು, ಬೆಣ್ಣೆ ಕಡೆದು, ಸುಗ್ಗಿಯಲ್ಲಿ ತೆನೆ ಕಟ್ಟಿದ ಹೆಂಡತಿಯ ಎದುರಿಗೆ ಖಾಲಿ ಬಿಟ್ಟಿರುವುದು ಬಹಳ ಕಡೆ ಕಾಣುವುದು. ಖಾಲಿ ಬಿಟ್ಟಲ್ಲಿ ಕೆಲಸವಿರಲಿಲ್ಲವೆಂದು ಓದುವವನು ಮೋಸಹೋಗುವನು.

ಈ ಹುಡುಕಾಟದ ಒಂದು ಎಳೆಯು ನಮ್ಮ ನಾಡಿನವರೆಗೂ ಬಂದಿದೆ. ಇಂಗ್ಲಿಷ್ ಹಳ್ಳಿಯ ಪುಸ್ತಕದಲ್ಲಿ ದೀಕ್ಷಾಸ್ನಾನವಿದ್ದು ಸಮಾಧಿಯಿಲ್ಲದ ಹುಡುಗನು ಎಷ್ಟೋ ಸಲ ಸಿಪಾಯಿಯಾಗಿ ಇಂಡಿಯಾಕ್ಕೆ ಬಂದವನಾಗಿರುವನು. ಬೆಂಗಳೂರು ದಂಡಿನಲ್ಲಿ ನಡೆದ ಬ್ರಿಟಿಷರ ದೀಕ್ಷಾಸ್ನಾನ ವಿವಾಹ ಸಮಾಧಿಗಳ ನಕಲುಗಳು ಮದ್ರಾಸ್ ಆಧಿಪತ್ಯದ ದಾಖಲೆಗಳ ಸಂಗಡ ಲಂಡನ್ನಿಗೆ ಹೋಗಿ, ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅಲ್ಲಿನ ಹಳ್ಳಿಯವರು ಆ ಪುಟಗಳಲ್ಲಿ ತಮ್ಮವರನ್ನು ಹುಡುಕುವರು. ನಮ್ಮ ಹಳೆಯ ಸಮಾಧಿಭೂಮಿಗಳಲ್ಲಿ ಅಕ್ಷರಗಳು ಅಳಿಸಿಹೋಗದಂತೆ ನೋಡಿಕೊಳ್ಳುವುದು ದೂರದ ಒಂದು ಊರಿಗೆ ನಾವು ಮಾಡುವ ಉಪಕಾರವೂ ಆಗಿದೆ.

ಇದಕ್ಕೆ ಆಕ್ಷೇಪಣೆಗಳಿಲ್ಲದಿಲ್ಲ. ನದಿಯ ಮೂಲವನ್ನೂ ಋಷಿಯ ಮೂಲವನ್ನೂ ಕೆದಕಬಾರದೆಂದು ನಮ್ಮ ಹಿರಿಯರು ಗಾದೆ ಮಾಡಿರುವರು. ಹುಡುಕುತ್ತ ಹೋದರೆ ಮಾನ ಹೋಗುವ ಸಂಗತಿಯೇನಾದರೂ ಹೊರಬಿದ್ದೀತೆಂಬ ಅಂಜಿಕೆಯು ಅದರಲ್ಲಿದೆ. ಇಂಗ್ಲಿಷ್ ಹಳ್ಳಿಯ ಪುಸ್ತಕಗಳಲ್ಲಿ ವಿವಾಹವಿಲ್ಲದೆ ಹುಟ್ಟಿದ ಮಗುವನ್ನು ಹೀನಪದದಿಂದಲೇ ಗುರುತಿಸಿ ಬರೆದಿರುವುದನ್ನು ನೋಡಿದರೆ ಈ ಅಂಜಿಕೆಯು ನಿರಾಧಾರವೆನ್ನಲಾಗದು. ಆದರೆ ನಾಚಿಕೆಯು ಅಂಥ ಪದವನ್ನು ಬರೆದ ಲೇಖನಿಗೆ ಸೇರಬೇಕೇ ಹೊರತು ತೊಟ್ಟಿಲಲ್ಲಿ ಮಲಗಿದ್ದ ಕೂಸಿಗೆ ಸೇರತಕ್ಕದ್ದಲ್ಲ. ಜೀವಿಸಿರುವವರನ್ನು ನೋಯಿಸುವಂಥದನ್ನು ಬಯಲುಮಾಡಬಾರದು, ನಿಜ. ಸತ್ತವರ ಸತ್ಯವನ್ನು ಅಳಿಸಲೂಬಾರದು. ಇನ್ನು ಕೆಲವರು, ಪೂರ್ವಿಕರ ಲೆಕ್ಕವು ಗರ್ವಕ್ಕೆ ದಾರಿಯೆಂದು ಹೇಳುವರು. ಕೊನೆಯಿಲ್ಲದ ವಂಶಾವಳಿಗಳಲ್ಲಿ ಮಗ್ನರಾಗಬಾರದೆಂದು ಅಪೊಸ್ತಲನಾದ ಪೌಲನೂ ತಿಮೊಥೆಯನಿಗೆ ಬರೆದಿದ್ದಾನೆ. ಗರ್ವಕ್ಕಾಗಿ ಬರೆದ ವಂಶಾವಳಿಯ ವಿಷಯದಲ್ಲಿ ಈ ಮಾತು ಯ�ಥಾರ್ಥವೇ. ಆದರೆ ಮತ್ತಾಯನ ಸುವಾರ್ತೆಯ ಮೊದಲನೆಯ ಅಧ್ಯಾಯದ ವಂಶಾವಳಿಯಲ್ಲಿ ತಾಮಾರಳೂ ರಾಹಾಬಳೂ ರೂತಳೂ ಊರೀಯನ ಹೆಂಡತಿಯೂ ಬಂದಿರುವುದನ್ನು ನೆನೆಯಿರಿ. ಅವರು ಯಾರೂ ಕುಲದ ಹೆಮ್ಮೆಗೆ ಅನುಕೂಲವಾದವರಲ್ಲ. ಮಿಡ್ಲ್ ಊರಿನ ಗಾಫನಂತೆ ಗುಡಿಸಲಿನವರ ಬೆಂಚಿನವರೆಗೂ ಬರೆಯುತ್ತ ಹೋದವನಿಗೆ ಗರ್ವಪಡಲು ಆಸ್ಪದವೇ ಇರದು.

ಈಗ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ತಾಯ್ತಂದೆಗಳಿಗೂ ಎರಡು ಮಾತುಗಳನ್ನು ಬಿನ್ನೈಸುವೆವು. ನಮ್ಮಲ್ಲಿ ಮದುವೆಯಾದ ಹೆಣ್ಣಿನ ಇನಿಷಿಯಲ್ ಬದಲಾಗುವುದುಂಟು. ಕೆಲವು ಮನೆತನಗಳಲ್ಲಿ ಅವಳ ಹೆಸರನ್ನೇ ಬದಲಾಯಿಸುವುದೂ ಉಂಟು. ಹಳೆಯ ವಿದ್ಯಾರ್ಥಿನಿಯರ ಪಟ್ಟಿಗೆ ಇಂಥವರ ಪತ್ನಿಯೆಂದು ಮಾತ್ರ ಬರೆದು ಕಳುಹಿಸಿದರೆ, ಎಷ್ಟನೆಯ ತರಗತಿಯಲ್ಲಿ ಯಾವ ಬೆಂಚಿನಲ್ಲಿ ಕುಳಿತು ಕಲಿತ ಯಾವ ಹುಡುಗಿ ಇವಳೆಂದು ನಾವು ತಿಳಿಯುವುದು ಹೇಗೆ? ಆದುದರಿಂದ ಶಾಲೆಯಲ್ಲಿದ್ದಾಗಿನ ನಿಮ್ಮ ಹೆಸರನ್ನೂ ಈಗಿನ ಹೆಸರನ್ನೂ, ಎರಡನ್ನೂ ಬರೆಯಿರಿ. ಮನೆಯ ವೇದಪುಸ್ತಕದ ಮೊದಲ ಹಾಳೆಯಲ್ಲಿಯೋ ಒಂದು ಗಟ್ಟಿ ರಟ್ಟಿನ ನೋಟುಬುಕ್ಕಿನಲ್ಲಿಯೋ, ಅಜ್ಜಿಯ ಹೆಸರು, ಅಜ್ಜಿಯ ತಾಯಿಯ ಹೆಸರು, ಅವರವರ ತವರೂರು, ಅವರು ಬಲ್ಲ ಕೆಲಸ, ಓದಿದ್ದರೆ ಓದಿದ ಶಾಲೆ, ಇವುಗಳನ್ನು ಬರೆದಿಡಿರಿ. ಹಳೆಯ ಭಾವಚಿತ್ರಗಳ ಹಿಂಬದಿಯಲ್ಲಿ, ಎಡಗಡೆಯಿಂದ ಯಾರು ಯಾರು ನಿಂತಿರುವರೆಂದು ಸೀಸದ ಕಡ್ಡಿಯಿಂದ ಗುರುತು ಹಾಕಿರಿ. ಕೇಳಿದರೆ ಹೇಳತಕ್ಕ ಮುದುಕಿಯರು ಮನೆಯಲ್ಲಿ ಇರುವಾಗಲೇ ಕೇಳಿರಿ. ಅವರು ಹೋದ ಮೇಲೆ ಯಾವ ದಾಖಲೆಯ ಮಂದಿರವೂ ಆ ಉತ್ತರವನ್ನು ಕೊಡಲಾರದು.

ಇಂಗ್ಲಿಷ್ ಹಳ್ಳಿಯ ಹೆಣ್ಣುಮಗಳು ತನ್ನ ಹೆಸರನ್ನು ತಾನೇ ಬರೆಯುವಂತಾಗಲು ಸುಮಾರು ನೂರೈವತ್ತು ವರ್ಷಗಳು ಹಿಡಿದುವು. ಮಗಳ ಮದುವೆಯ ಪುಟದಲ್ಲಿ ಅವಳ ಹೆಸರು ಬರಲು ಇನ್ನೂ ಹೆಚ್ಚು ಕಾಲ ಹಿಡಿಯಿತು. ನಮ್ಮ ಹುಡುಗಿಯರಿಗೆ ಅಷ್ಟು ಕಾಯಬೇಕಾದ ಕಾರಣವಿಲ್ಲ. ಅಕ್ಷರವು ಅವರ ಕೈಯಲ್ಲಿದೆ. ಈ ಕೆಲಸವನ್ನು ಅವರೇ ಮಾಡಬಲ್ಲರು, ಮಾಡುವರೆಂದೂ ನಂಬಿದ್ದೇವೆ.